ಡಿಬಿಯೊಳಗಿನ ವೈಫೈ ಪ್ರೊಟೆಕ್ಟರ್: ಯಾವುದಕ್ಕೆ ನಂಬಬಹುದು, ಎಲ್ಲಿ ಕೈಕೊಡುತ್ತದೆ

ಮನೆಯ ಡಿಬಿಯಲ್ಲಿ, ಅಂದರೆ ವೈರುಗಳೆಲ್ಲ ಬಂದು ಸೇರುವ ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ, ಎಂಸಿಬಿಗಳ (ಲೋಡ್ ಮೀರಿದರೆ, ಶಾರ್ಟ್ ಆದರೆ ತಾವೇ ಬೀಳುವ ಸ್ವಿಚ್ಚುಗಳ) ಸಾಲಿನಲ್ಲೇ ಕೂತು ವೋಲ್ಟೇಜ್, ಕರೆಂಟು, ಯೂನಿಟ್ಟು, ಲೀಕೇಜ್ (ದಾರಿ ತಪ್ಪಿ ಸೋರುವ ಕರೆಂಟು) ತೋರಿಸುವ, ಮಿತಿ ಮೀರಿದರೆ ತಾನೇ ಲೈನ್ ಕಡಿಯುವ, ವೈಫೈ ಮೂಲಕ ಮೊಬೈಲಿಗೆ ಸುದ್ದಿ ಮುಟ್ಟಿಸುವ ಡಬ್ಬಿಯ ವಿಮರ್ಶೆ ಇದು. ಪೇಟೆಯಲ್ಲಿ ಹತ್ತಾರು ಹೆಸರಿನಲ್ಲಿ ಸಿಗುತ್ತದೆ. ಬಹುತೇಕ ಎಲ್ಲವೂ ಒಂದೇ ಜಾತಿಯವು: 63 ಆಂಪಿಯರ್, ಡಿನ್ ರೇಲಿಗೆ (ಎಂಸಿಬಿ ಸಿಕ್ಕಿಸುವ ಲೋಹದ ಪಟ್ಟಿಗೆ) ಕೂಡುವಂಥವು, ಸ್ಮಾರ್ಟ್ ಲೈಫ್ ಅಥವಾ ತುಯಾ ಆ್ಯಪಿನಲ್ಲಿ ನಡೆಯುವಂಥವು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ವೋಲ್ಟೇಜ್ ಏರಿಳಿತದಿಂದ ಫ್ರಿಜ್ಜು, ಟಿವಿ, ಮೋಟಾರ್ ಉಳಿಸಿಕೊಳ್ಳಲು ಇದನ್ನು ಧಾರಾಳವಾಗಿ ಹಾಕಿಸಿ. ಮನುಷ್ಯರಿಗೆ ಶಾಕ್ ಹೊಡೆಯದಂತೆ ಕಾಯಲು ಇದೊಂದನ್ನೇ ನಂಬಬೇಡಿ. ಇನ್ನು, ಕೆಟ್ಟಿದೆ ಎಂದು ಬಿಚ್ಚಿಡುವ ಮುನ್ನ ರೂಟರ್, ನ್ಯೂಟ್ರಲ್, ಅರ್ಥಿಂಗ್ ಮೂರನ್ನೂ ನೋಡಿ. ದೋಷ ಹೆಚ್ಚಾಗಿ ಅಲ್ಲೇ ಸಿಗುತ್ತದೆ.

ನಂಬಬೇಡಿ ಎನ್ನಲು ಕಾರಣ ಡಬ್ಬಿಯ ಒಳಗಿದೆ. ಇದರಲ್ಲಿ ಲೈನ್ ಕಡಿಯುವುದು ಒಂದು ರಿಲೇ. ಶಾರ್ಟ್ ಆದಾಗ ನುಗ್ಗುವ ಸಾವಿರಾರು ಆಂಪಿಯರನ್ನು ಕಡಿಯಲು ಎಂಸಿಬಿಯಲ್ಲಿ ಕಿಡಿ ನಂದಿಸುವ ತಗಡಿನ ಪದರಗಳಿರುತ್ತವೆ. ಅದರ ಮೈಮೇಲೆ 6000 ಅಥವಾ 10000 ಎಂದು ಬರೆದಿರುವುದು ಈ ತಾಕತ್ತನ್ನೇ. ರಿಲೇಗೆ ಅಷ್ಟು ತಾಕತ್ತಿಲ್ಲ, ಅದರ ಕಾಂಟ್ಯಾಕ್ಟ್ ಬೆಸೆದು ಕೂತುಬಿಡಬಹುದು. ಎರಡನೆಯದು, ಲೀಕೇಜ್ ಗುರುತಿಸಲು ಇದರ ಸರ್ಕ್ಯೂಟ್ ಜೀವಂತವಿರಬೇಕು. ಕಂಬದಿಂದ ಬರುವ ನ್ಯೂಟ್ರಲ್ ತುಂಡಾದರೆ ಡಿಸ್‌ಪ್ಲೇ ಆರಿ ಹೋಗುತ್ತದೆ, ಫೇಸ್ ಮಾತ್ರ ಮನೆಯೊಳಗೆ ಹರಿಯುತ್ತಲೇ ಇರಬಹುದು. ಒಳ್ಳೆಯ ಆರ್‌ಸಿಸಿಬಿ (ಲೀಕೇಜ್ ಆದರೆ ಲೈನ್ ಕಡಿಯಲೆಂದೇ ಇರುವ ಸ್ವಿಚ್ಚು) ಹಾಗಲ್ಲ, ಲೀಕೇಜಿನ ಬಲದಿಂದಲೇ ಬೀಳುತ್ತದೆ. ಹಾಗಾಗಿ ಜೋಡಣೆಯ ಕ್ರಮ ಹೀಗಿರಲಿ: ಮೀಟರ್, ಮೇನ್ ಎಂಸಿಬಿ, ಆಮೇಲೆ ಈ ಪ್ರೊಟೆಕ್ಟರ್, ಅದರ ನಂತರ ಐಎಸ್ 12640 ಗುರುತಿರುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ, ಕೊನೆಗೆ ರೂಮು-ಅಡುಗೆಮನೆಯ ಎಂಸಿಬಿಗಳು.

ಡಬ್ಬಿಯ ಮೇಲಿನ ಬಾಣದ ಗುರುತು ನೋಡದೆ ಇನ್‌ಪುಟ್-ಔಟ್‌ಪುಟ್ ಅದಲು ಬದಲು ಮಾಡುವುದು ವೈರಿಂಗಿನಲ್ಲಿ ಆಗುವ ಮೊದಲ ತಪ್ಪು. ಉಲ್ಟಾ ಹಾಕಿದರೂ ಮೊದಲು ಸರಿಯಾಗೇ ನಡೆಯುತ್ತದೆ. ಒಮ್ಮೆ ಟ್ರಿಪ್ ಆದ (ತಾನೇ ಲೈನ್ ಕಡಿದ) ಮೇಲೆ ತನಗೇ ಕರೆಂಟಿಲ್ಲದೆ ಸತ್ತಂತೆ ಬೀಳುತ್ತದೆ, ಮತ್ತೆ ಏಳುವುದಿಲ್ಲ. ಟ್ರಿಪ್ ಆದ ಕೂಡಲೇ ಡಿಸ್‌ಪ್ಲೇಯೂ ಆರಿದರೆ ಮೊದಲ ಅನುಮಾನ ಇದರ ಮೇಲಿರಲಿ.

ಈಗ ವೈಫೈ. ಇವು 2.4 ಗಿಗಾಹರ್ಟ್ಜ್ ಬಿಟ್ಟು ಬೇರೆಯದಕ್ಕೆ ಕೂಡುವುದಿಲ್ಲ. ಈಗಿನ ಫೈಬರ್ ರೂಟರುಗಳು 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತವೆ. ಮೊಬೈಲ್ 5ರಲ್ಲಿ ಕೂತಿರುತ್ತದೆ, ಡಬ್ಬಿ 2.4ರಲ್ಲಿ ಹುಡುಕುತ್ತಿರುತ್ತದೆ, ಜೋಡಣೆ ಅರ್ಧಕ್ಕೇ ನಿಲ್ಲುತ್ತದೆ. ರೂಟರಿನ ಸೆಟ್ಟಿಂಗಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರು ಕೊಡಿ, ಅಥವಾ ಜೋಡಿಸುವಷ್ಟು ಹೊತ್ತು 5 ಬಂದ್ ಮಾಡಿ. ಸೆಕ್ಯೂರಿಟಿ ಡಬ್ಲ್ಯೂಪಿಎ 3 ಇದ್ದರೆ ಡಬ್ಲ್ಯೂಪಿಎ 2ಕ್ಕೆ ತನ್ನಿ. ಚಾನೆಲ್ 1, 6, 11ರಲ್ಲಿ ಒಂದಿರಲಿ. ಮೊಬೈಲಿನಲ್ಲಿ ಲೊಕೇಶನ್, ಬ್ಲೂಟೂತ್ ಎರಡೂ ಆನ್ ಇರಬೇಕು. ಬಟನ್ ಸುಮಾರು 5 ಸೆಕೆಂಡು ಒತ್ತಿ ಹಿಡಿದರೆ ವೈಫೈ ಗುರುತು ಬೇಗ ಬೇಗ ಮಿಣುಕುತ್ತದೆ, ಅದು ಸಾಮಾನ್ಯ ಜೋಡಣೆ. ಅದರಲ್ಲಿ ಎರಡು ಸಲ ಸೋತರೆ ಮತ್ತೆ ಒತ್ತಿ ಹಿಡಿಯಿರಿ. ನಿಧಾನ ಮಿಣುಕತೊಡಗಿದರೆ ಎಪಿ ಮೋಡ್. ಆಗ ಡಬ್ಬಿಯೇ ಒಂದು ಹಾಟ್‌ಸ್ಪಾಟ್ ಬಿಡುತ್ತದೆ. ಮೊಬೈಲನ್ನು ಅದಕ್ಕೆ ಕೂಡಿಸಿ, ಇಂಟರ್ನೆಟ್ ಇಲ್ಲ, ಹೀಗೇ ಇರಲೇ ಎಂದು ಮೊಬೈಲ್ ಕೇಳಿದರೆ ಹೌದು ಎನ್ನಿ. ಮೊಬೈಲ್ ಡೇಟಾ ಬಂದ್ ಮಾಡಲು ಮರೆಯಬೇಡಿ. ಇಲ್ಲವಾದರೆ ಮೊಬೈಲ್ ತಾನಾಗಿ ಡೇಟಾಕ್ಕೆ ಜಾರಿಕೊಳ್ಳುತ್ತದೆ.

ಜೋಡಣೆಯಾದ ಮೇಲೂ ಆಗಾಗ ಆಫ್‌ಲೈನ್ ಆಗುತ್ತಿದ್ದರೆ ಡಿಬಿಯ ಕಬ್ಬಿಣದ ಬಾಗಿಲನ್ನು ನೋಡಿ. ಆ್ಯಪಿನಲ್ಲಿ ಡಿವೈಸ್ ನೆಟ್‌ವರ್ಕ್ ತಪಾಸಣೆ ಇದ್ದಲ್ಲಿ ಸಿಗ್ನಲ್ ಬಲ ಕಾಣಿಸುತ್ತದೆ. ಬಾಗಿಲು ತೆರೆದು ಒಮ್ಮೆ, ಮುಚ್ಚಿ ಒಮ್ಮೆ ಓದಿಕೊಳ್ಳಿ. ಮೈನಸ್ 65ರ ಆಸುಪಾಸು ಇದ್ದರೆ ಚಿಂತೆಯಿಲ್ಲ, ಮೈನಸ್ 75 ದಾಟಿದರೆ ಕೈಕೊಡುತ್ತದೆ. ಕಬ್ಬಿಣದ ಬಾಗಿಲ ಬದಲು ಪ್ಲಾಸ್ಟಿಕ್ ಬಾಗಿಲು ಹಾಕಿಸುವುದು ಎಲ್ಲಕ್ಕಿಂತ ಸುಲಭದ ಪರಿಹಾರ. ಧಾರವಾಡದ ಹಳೇ ಓಣಿಗಳ ದಪ್ಪ ಮಣ್ಣಿನ ಗೋಡೆಯ ಮನೆಗಳಲ್ಲಿ, ಮೀಟರ್ ಹೊರಗಿನ ಕಟ್ಟೆಯ ಮೇಲಿದ್ದು ರೂಟರ್ ಒಳಕೋಣೆಯಲ್ಲಿದ್ದರೆ, ನಡುಮನೆಗೆ ಒಂದು ಎಕ್ಸ್‌ಟೆಂಡರ್ ಬೇಕೇ ಬೇಕು.

ಎಲ್ಲಕ್ಕಿಂತ ದೊಡ್ಡ ಕೊರತೆ ಇದು, ಮತ್ತು ಮಾರುವವರು ಇದನ್ನು ಬಿಡಿಸಿ ಹೇಳಲೇಬೇಕು: ಡಬ್ಬಿ ಟ್ರಿಪ್ ಆದಾಗ ಅದಕ್ಕೆ ಜೀವ ಇರುತ್ತದೆ, ಆದರೆ ರೂಟರ್ ಅದರ ಆಚೆಯ ಲೈನಿನಲ್ಲಿರುವುದರಿಂದ ಅದೇ ಕ್ಷಣ ಆರಿಹೋಗುತ್ತದೆ. ವೋಲ್ಟೇಜ್ 290ಕ್ಕೆ ಏರಿತು, ಲೈನ್ ಕಡಿದಿದ್ದೇನೆ ಎಂಬ ಸಂದೇಶ ಹೋಗಬೇಕಾದ ದಾರಿಯೇ ಮುಚ್ಚುತ್ತದೆ. ಆಫೀಸಿನಲ್ಲಿರುವ ನಿಮಗೆ ಕಾಣುವುದು ಡಿವೈಸ್ ಆಫ್‌ಲೈನ್ ಎಂಬುದಷ್ಟೇ. ರೂಟರಿಗೆ 12 ವೋಲ್ಟಿನ ಪುಟ್ಟ ಡಿಸಿ ಯುಪಿಎಸ್ ಕೊಡಿ. ಕೊಳ್ಳುವ ಮುನ್ನ ರೂಟರಿನ ಅಡಾಪ್ಟರ್ ಮೇಲೆ ಬರೆದ ವೋಲ್ಟ್, ಆಂಪಿಯರ್, ಪಿನ್ನಿನ ಪ್ಲಸ್-ಮೈನಸ್ ಗುರುತು ತಾಳೆ ನೋಡಿ. ಫೈಬರ್ ಡಬ್ಬಿ ಬೇರೆ ಇದ್ದರೆ ಅದಕ್ಕೂ ಬ್ಯಾಕಪ್ ಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಪಾಯಿಂಟಿಗೇ ಎರಡನ್ನೂ ಹಾಕಿ.

ಮಿತಿಗಳನ್ನು ಇಡುವಾಗ ಆತುರ ಬೇಡ. ನಮ್ಮಲ್ಲಿ 230 ವೋಲ್ಟಿಗೆ ಶೇಕಡಾ 6 ಆಚೀಚೆ ಎಂಬುದು ನಿಯಮ, ಅಂದರೆ ಸುಮಾರು 216ರಿಂದ 244. ಅದೇ ಅಂಕಿಗಳನ್ನು ಡಬ್ಬಿಗೆ ಕೊಟ್ಟರೆ ದಿನಕ್ಕೆ ನಾಲ್ಕು ಸಲ ಬೀಳುತ್ತದೆ. ಮೇಲಿನ ಮಿತಿ 260, ಕೆಳಗಿನದು 180 ಇಡಿ. ಮೊದಲು ಮಲ್ಟಿಮೀಟರನ್ನು ಡಬ್ಬಿಯ ಇನ್‌ಪುಟ್ ಸ್ಕ್ರೂಗಳಿಗೇ ಹಿಡಿದು ಓದುವಿಕೆ ತಾಳೆಯಾಗುತ್ತದೆಯೇ ನೋಡಿ. 2-3 ವೋಲ್ಟ್ ವ್ಯತ್ಯಾಸ ಇರಲಿ, 8-10 ಇದ್ದರೆ ಅಷ್ಟನ್ನು ಲೆಕ್ಕಕ್ಕೆ ಹಿಡಿದೇ ಮಿತಿ ಇಡಬೇಕು. ಮರಳಿ ಲೈನ್ ಕೊಡುವ ಸಮಯ 180 ಸೆಕೆಂಡು ಮಾಡಿ. ಫ್ರಿಜ್ಜಿನ ಕಂಪ್ರೆಸರಿನಲ್ಲಿ ಗ್ಯಾಸಿನ ಒತ್ತಡ ಸಮವಾಗಲು ಅಷ್ಟು ಹೊತ್ತು ಬೇಕು, ಅದಕ್ಕೂ ಮುಂಚೆ ಕರೆಂಟು ಕೊಟ್ಟರೆ ಅದು ತಿರುಗಲಾರದೆ ಬಿಸಿಯಾಗುತ್ತದೆ. ಹಳ್ಳಿಗಳಲ್ಲಿ ಪಂಪ್‌ಸೆಟ್ ನಡೆಯುವ ಹೊತ್ತಿಗೆ ವೋಲ್ಟೇಜ್ ಕುಸಿದು ಡಬ್ಬಿ ಬೀಳುತ್ತಿದ್ದರೆ ಮಿತಿಯನ್ನು 150ಕ್ಕೆ ಇಳಿಸುವುದು ಪರಿಹಾರವಲ್ಲ. ಕಡಿಮೆ ವೋಲ್ಟೇಜಿನಲ್ಲಿ ಮೋಟಾರ್ ಹೆಚ್ಚು ಕರೆಂಟು ಎಳೆದು ಸುಡುತ್ತದೆ. ಆ್ಯಪಿನ ದಾಖಲೆಯಿಂದ ದಿನ, ವೇಳೆ, ವೋಲ್ಟ್ ಬರೆದುಕೊಂಡು ಹೆಸ್ಕಾಂನ 1912ಕ್ಕೆ ದೂರು ಕೊಡಿ. ಅಂಕಿ ಸಮೇತ ಕೊಟ್ಟ ದೂರಿಗೆ ತೂಕ ಬೇರೆ.

ಈ ಡಬ್ಬಿಯಿಂದ ಸಿಗುವ ನಿಜವಾದ ಲಾಭ ಒಂದು ಸಣ್ಣ ಪರೀಕ್ಷೆಯಲ್ಲಿದೆ. ಮಧ್ಯಾಹ್ನ ವೋಲ್ಟೇಜ್ ನಿಂತಂತಿರುವಾಗ ಡಿಸ್‌ಪ್ಲೇ ಮುಂದೆ ಒಬ್ಬರು ನಿಲ್ಲಲಿ, ಇನ್ನೊಬ್ಬರು 3 ಕಿಲೋವ್ಯಾಟಿನ ಗೀಜರ್ ಹಾಕಲಿ. ಕರೆಂಟು 13 ಆಂಪಿಯರಿಗೆ ಏರುತ್ತದೆ, ವೋಲ್ಟೇಜ್ ಇಳಿಯುತ್ತದೆ. ಮೂರು ಸಲ ಮಾಡಿ. 3-4 ವೋಲ್ಟ್ ಇಳಿದರೆ ಸಹಜ. ಪ್ರತಿ ಸಲವೂ 10 ವೋಲ್ಟ್ ಇಳಿದರೆ ಗುಣಿಸಿ ನೋಡಿ: 10ಕ್ಕೆ 13, ಅಂದರೆ 130 ವ್ಯಾಟ್ ದಾರಿಯಲ್ಲೇ ಬಿಸಿಯಾಗಿ ಹೋಗುತ್ತಿದೆ. ಅದರಲ್ಲಿ ಅರ್ಧ ಒಂದೇ ಸಡಿಲ ಜಾಯಿಂಟಿನಲ್ಲಿದ್ದರೂ 65 ವ್ಯಾಟ್. ತವರ ಕರಗಿಸುವ ಸೋಲ್ಡರಿಂಗ್ ಐರನ್ನಿಗೆ 25 ವ್ಯಾಟ್ ಸಾಕು. ಕಪ್ಪಾದ ಸ್ಕ್ರೂ, ಮೆತ್ತಗಾದ ಪ್ಲಾಸ್ಟಿಕ್, ಮೀನು ಕೊಳೆತಂಥ ವಾಸನೆ ಬರುವುದು ಇಲ್ಲಿಂದಲೇ. ಮೇನ್ ಬಂದ್ ಮಾಡಿಸಿ ಡಿಬಿಯ ಸ್ಕ್ರೂಗಳನ್ನು ಬಿಗಿ ಮಾಡಿಸಿ. ಅಲ್ಲಿ ಸರಿಯಿದ್ದರೆ ದೋಷ ಮೀಟರ್ ಬಳಿಯ ಫ್ಯೂಸ್ ಕಟೌಟಿನಲ್ಲೋ, ಮೀಟರಿನಲ್ಲೋ, ಕಂಬದ ತುದಿಯಲ್ಲೋ ಇದೆ. ಅಲ್ಯೂಮಿನಿಯಂ ಸರ್ವಿಸ್ ವೈರು ತಾಮ್ರಕ್ಕೆ ನೇರವಾಗಿ ತಾಗಿದ ಕಡೆ ಹೀಗಾಗುವುದು ಹೆಚ್ಚು. ಮೀಟರಿನ ಸೀಲ್ ನೀವು ಮುಟ್ಟಬೇಡಿ, ಲೈನ್‌ಮನ್ ಕರೆಸಿ.

ತ್ರೀ ಫೇಸ್ ಮನೆಯಾದರೆ ಇದೇ ಪರೀಕ್ಷೆಯಲ್ಲಿ ಇನ್ನೊಂದು ನೋಡಿ. ಒಂದು ಫೇಸಿನಲ್ಲಿ ಗೀಜರ್ ಹಾಕಿದಾಗ ಅದರ ವೋಲ್ಟೇಜ್ ಕುಸಿದು ಉಳಿದ ಫೇಸಿನದು 250 ದಾಟಿ ಏರಿದರೆ ನ್ಯೂಟ್ರಲ್ ಸಡಿಲಾಗಿದೆ. ಪೂರ್ತಿ ಬಿಟ್ಟರೆ ಹಗುರ ಲೋಡ್ ಇರುವ ಫೇಸಿಗೆ 400ರ ಹತ್ತಿರ ಬರಬಹುದು. ಆ ಕ್ಷಣ ಮೇನ್ ಬಂದ್ ಮಾಡಿ 1912ಕ್ಕೆ ಫೋನ್ ಮಾಡಿ. ನಾಳೆ ನೋಡೋಣ ಎನ್ನುವ ದೋಷವಲ್ಲ ಇದು.

ಲೀಕೇಜಿಗೆ ಬೀಳುತ್ತಿದ್ದರೆ ಯಾವಾಗ ಬೀಳುತ್ತದೆ ಎಂಬುದೇ ಸುಳಿವು. ನಳದ ನೀರು ಬಿಟ್ಟ ದಿನ ಮಾತ್ರ ಬಿದ್ದರೆ ಸಂಪಿನ ಮೋಟಾರ್. ಬೆಳಗಿನ ಸ್ನಾನದ ಹೊತ್ತಿಗೆ ಬಿದ್ದರೆ ಗೀಜರಿನ ಕಾಯಿಲ್. ಮಳೆ ಹತ್ತಿದಾಗ ಬಿದ್ದರೆ ಗೇಟಿನ, ಮಾಳಿಗೆಯ ಲೈಟು. ಯಾವ ಲೆಕ್ಕಕ್ಕೂ ಸಿಗದಿದ್ದರೆ ಎಲ್ಲ ಎಂಸಿಬಿ ಇಳಿಸಿ. ಆಗಲೂ ಲೀಕೇಜ್ ಅಂಕಿ ಹೋಗದಿದ್ದರೆ ಎಲ್ಲೋ ನ್ಯೂಟ್ರಲ್ ಅರ್ಥಿಗೆ ತಾಗಿರಬಹುದು, ಏಕೆಂದರೆ ಸಿಂಗಲ್ ಪೋಲ್ ಎಂಸಿಬಿ ಫೇಸನ್ನು ಮಾತ್ರ ಕಡಿಯುತ್ತದೆ, ನ್ಯೂಟ್ರಲನ್ನು ಕಡಿಯುವುದಿಲ್ಲ. ಫೇಸ್-ನ್ಯೂಟ್ರಲ್ ಎರಡನ್ನೂ ಕಡಿಯುವ ಮೇನ್ ಇಳಿಸಿ, ನ್ಯೂಟ್ರಲ್ ಪಟ್ಟಿಯಿಂದ ಒಂದೊಂದೇ ವೈರು ಬಿಚ್ಚಿ ಅರ್ಥಿಗೆ ಓಮ್ಸ್ ಅಳೆದರೆ ತಪ್ಪಿತಸ್ಥ ವೈರು ಸಿಕ್ಕಿಬೀಳುತ್ತದೆ. ಇದು ವೈರ್‌ಮನ್ ಕೆಲಸ, ನೀವು ಪಕ್ಕದಲ್ಲಿ ನಿಂತು ಬರೆದುಕೊಳ್ಳಿ. ಇನ್ವರ್ಟರ್ ಲೈನಿನ ನ್ಯೂಟ್ರಲನ್ನು ಡಬ್ಬಿಗಿಂತ ಮೊದಲಿನ (ಮೀಟರ್ ಕಡೆಯ) ನ್ಯೂಟ್ರಲಿಗೆ ಕೂಡಿಸಿದ್ದರೂ ಇದೇ ಕಾಟ: ಫೇಸ್ ಒಳಗಿಂದ ಹೋಗುತ್ತದೆ, ನ್ಯೂಟ್ರಲ್ ಹೊರಗಿಂದ ಮರಳುತ್ತದೆ, ಡಬ್ಬಿಯ ಲೆಕ್ಕ ತಪ್ಪುತ್ತದೆ.

ಅರ್ಥಿಂಗ್ ಬಗ್ಗೆ ಡಬ್ಬಿ ಏನನ್ನೂ ಹೇಳುವುದಿಲ್ಲ. ನವಲಗುಂದ, ನರಗುಂದ, ಗದಗಿನ ಎರೆಭೂಮಿಯಲ್ಲಿ ಇದು ಗಂಭೀರ ವಿಷಯ. ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಬಿರಿದು ಅರ್ಥ್ ಪೈಪಿನಿಂದ ದೂರ ಸರಿಯುತ್ತದೆ. ಮಲ್ಟಿಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಕೆಟ್ಟ ಅರ್ಥಿಗೂ ಫೇಸಿನಿಂದ 230 ತೋರಿಸುತ್ತದೆ. ಅದನ್ನು ನಂಬದೆ ಅರ್ಥ್ ಟೆಸ್ಟರಿನಿಂದ ಅಳೆಸಿ. ಅರ್ಥ್ 10 ಓಮ್ ಇದ್ದರೂ ಫೇಸ್ ಮೈಗೆ ತಾಗಿದ ವಾಶಿಂಗ್ ಮಷೀನಿನಿಂದ ಹರಿಯುವುದು 23 ಆಂಪಿಯರ್ ಮಾತ್ರ. 32 ಆಂಪಿಯರಿನ ಎಂಸಿಬಿ ಅದಕ್ಕೆ ಬೀಳುವುದೇ ಇಲ್ಲ, ಮಷೀನಿನ ಮೈಯಲ್ಲಿ ಕರೆಂಟು ನಿಂತೇ ಇರುತ್ತದೆ. ಆರ್‌ಸಿಸಿಬಿ ಬೇರೆಯಾಗಿ ಬೇಕೇ ಬೇಕು ಎಂದು ನಾವು ಹಟ ಹಿಡಿಯುವುದು ಇದಕ್ಕೇ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಅರ್ಥ್ ಗುಂಡಿಗೆ ಎರಡು ಕೊಡ ನೀರು ಹಾಕಿ.

ಒಂದು ಎಚ್ಚರಿಕೆ. ಅಮೆರಿಕದಲ್ಲಿ ಪ್ಲಗ್ಗಿಗೆ ಚುಚ್ಚಿದರೆ ವೈರಿನೊಳಗಿನ ಕಿಡಿ ಗುರುತಿಸುವ ಟಿಂಗ್ ಎಂಬ ವೈಫೈ ಸೆನ್ಸರ್ ಇದೆ. ಅದು ಅಲ್ಲಿನ 120 ವೋಲ್ಟಿಗೆ ಮಾಡಿದ್ದು. ಅಲ್ಲಿರುವ ಮಗ-ಮಗಳು ಕಳಿಸಿದರೂ ನಮ್ಮ ಪ್ಲಗ್ಗಿಗೆ ಹಾಕಬೇಡಿ. ಇಲ್ಲಿ ಹೇಳಿದ ಪ್ರೊಟೆಕ್ಟರಿನಲ್ಲಿ ಕಿಡಿ ಗುರುತಿಸುವ ವ್ಯವಸ್ಥೆ ಇಲ್ಲ, ಬಾಕ್ಸಿನ ಮೇಲೆ ಬೆಂಕಿಯಿಂದ ರಕ್ಷಣೆ ಎಂದಿದ್ದರೂ.

ಹಾಕಿಸಿ ಒಂದು ತಿಂಗಳಾದ ಮೇಲೆ ಮೇನ್ ಬಂದ್ ಮಾಡಿಸಿ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಎಳೆ ಎಳೆಯ ತಾಮ್ರದ ವೈರು ಒತ್ತಡಕ್ಕೆ ಕೂತು ಸಡಿಲಾಗುತ್ತದೆ. ವೈರಿನ ತುದಿಗೆ ಲಗ್ (ಲೋಹದ ಟೊಪ್ಪಿಗೆ) ಹಾಕಿ ಒತ್ತಿಸಿದ್ದರೆ ಈ ತೊಂದರೆ ಕಡಿಮೆ. ಆ್ಯಪಿನ ಸೆಟ್ಟಿಂಗುಗಳ ಸ್ಕ್ರೀನ್‌ಶಾಟ್ ತೆಗೆದು ಒಂದು ಪ್ರತಿಯನ್ನು ಡಿಬಿ ಬಾಗಿಲ ಒಳಬದಿಗೆ ಅಂಟಿಸಿ. ರೂಟರಿನ ಪಾಸ್‌ವರ್ಡ್ ಬದಲಾದಾಗ ಮತ್ತೆ ಜೋಡಿಸಬೇಕಾಗುತ್ತದೆ, ರೀಸೆಟ್ ಮಾಡಿದರೆ ಕೆಲವು ಡಬ್ಬಿಗಳಲ್ಲಿ ಮಿತಿಗಳೆಲ್ಲ ಕಂಪನಿ ಇಟ್ಟ ಅಂಕಿಗೆ ಮರಳಿಬಿಡುತ್ತವೆ.