ಬನಶಂಕರಿ ಗುಡಿ ಎದುರಿನ ರೊಟ್ಟಿ ಬುಟ್ಟಿ

ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಚೊಳಚಗುಡ್ಡಕ್ಕೆ, ಬನಶಂಕರಿ ದರ್ಶನಕ್ಕೆ ಹೋದವರು ಊಟಕ್ಕೆಂದು ಬಾದಾಮಿ ಪೇಟೆಗೆ ಓಡಬೇಡಿ. ಗುಡಿ ಎದುರಿನ ಹೊಂಡದ ಕಟ್ಟೆಯ ಹತ್ತಿರ ತಲೆ ಮೇಲೆ ಬುಟ್ಟಿ ಹೊತ್ತು "ರೊಟ್ಟಿ ಊಟ ಮಾಡ್ರೀ" ಅಂತ ಕೂಗುವ ಹೆಣ್ಣುಮಕ್ಕಳಿದ್ದಾರೆ. ಅವರ ಕೈಯಿಂದ ಉಂಡೇ ಹೊರಡಿ.

ನನ್ನ ತವರು ಬನಹಟ್ಟಿ. ನೇಕಾರರ ಮನೆ, ಬನಶಂಕರಿಯೇ ನಮ್ಮ ಮನೆದೇವರು. ಮದುವೆಯಾಗಿ ಬೆಳಗಾವಿಯ ವಡಗಾವಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು, ಇಲ್ಲಿಗೆ ಬರುವುದನ್ನು ಮಾತ್ರ ಒಂದು ವರ್ಷವೂ ತಪ್ಪಿಸಿಲ್ಲ. ಈ ಸಲ ಅವ್ವನನ್ನೂ ಕರೆದುಕೊಂಡು ಬಂದಿದ್ದೆ. ನಮ್ಮ ಮಗ್ಗದಲ್ಲೇ ನೇಯ್ದ ಹಸಿರು ಸೀರೆ, ಕುಬಸ, ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಷಿಣ ಬೇರು ತಂದು ದೇವಿಗೆ ಉಡಿ ತುಂಬಿದೆವು. ಹೊರಗೆ ಬರುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ.

ಒಬ್ಬ ಅಕ್ಕ ಬುಟ್ಟಿ ಇಳಿಸಿದರು. ಮೇಲೆ ಹಾಸಿದ್ದ ಬಿಳಿ ಪಂಜೆಯ ತುಂಡನ್ನು ಸರಿಸಿದರೆ ಒಂದು ಕಡೆ ಮೆತ್ತನೆ ಬಿಸಿರೊಟ್ಟಿ, ಇನ್ನೊಂದು ಕಡೆ ಕಡಕ್ ರೊಟ್ಟಿ. ನಡುವೆ ಸ್ಟೀಲ್ ಡಬ್ಬಿಗಳಲ್ಲಿ ಹೆಸರುಕಾಳು ಪಲ್ಯ, ಪುಂಡಿಪಲ್ಯ, ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಕೆಂಪು ಖಾರ. ಬಟ್ಟೆಯಿಂದ ಬಾಯಿ ಕಟ್ಟಿದ ಸಣ್ಣ ಮಣ್ಣಿನ ಗಡಿಗೆಯಲ್ಲಿ ಮೊಸರು. ಗಡಿಗೆ ಓರೆ ಮಾಡಿದರೂ ಮೊಸರು ಹರಿಯಲಿಲ್ಲ, ಅಷ್ಟು ಗಟ್ಟಿ. ಚಮಚೆಯಿಂದ ಕೆತ್ತಿ ತೆಗೆದು ಹಾಕಿದರು. ಅವ್ವ ಕಡಕ್ ರೊಟ್ಟಿ ಕಡೆ ಆಸೆಯಿಂದ ನೋಡುತ್ತಿದ್ದಳು. ಅದನ್ನು ಕಂಡ ಆ ಅಕ್ಕ, "ಹಲ್ಲ ಇಲ್ಲೇನ್ರಿ ಯವ್ವಾ ನಿಮಗ? ತಡೀರಿ, ಮೊಸರಾಗ ಮುರದ ಹಾಕ್ತೀನಿ, ನೆನೀಲಿ" ಅಂದರು. ರೊಟ್ಟಿಯನ್ನು ಚೂರು ಚೂರು ಮಾಡಿ, ಮೊಸರು ಸುರಿದು, ಮೇಲೆ ಚೂರು ಉಳ್ಳಾಗಡ್ಡಿ, ಒಂದು ಚಿಟಿಕೆ ಉಪ್ಪು ಹಾಕಿ ಕೊಟ್ಟರು. ಕೇಳದೆಯೇ ಮಾಡಿದ ಈ ಉಪಚಾರವನ್ನು ನಾನು ಯಾವ ಹೋಟೆಲಿನಲ್ಲೂ ಕಂಡಿಲ್ಲ.

ಪುಂಡಿಪಲ್ಯದ ಹುಳಿ ಹದವಾಗಿತ್ತು, ಬೆಳ್ಳುಳ್ಳಿ ಒಗ್ಗರಣೆ ಧಾರಾಳ. ಎಣಗಾಯಿಗೆ ಮಾತ್ರ ಗುರೆಳ್ಳು ಸ್ವಲ್ಪ ಕಡಿಮೆಯಾಗಿತ್ತು. ಇಬ್ಬರಿಗೂ ಹೊಟ್ಟೆ ತುಂಬ ಊಟಕ್ಕೆ ನೂರಾ ಇಪ್ಪತ್ತು ರೂಪಾಯಿ ತಗೊಂಡರು.

ಈ ಜಾಗದಲ್ಲಿ ಈ ಊಟಕ್ಕೆ ಒಂದು ಕಾರಣ ಇದೆ. ಬನಶಂಕರಿ ಅಂದರೆ ಶಾಕಂಭರಿ, ಕಾಯಿಪಲ್ಯ ಕೊಟ್ಟು ಜೀವ ಉಳಿಸಿದ ತಾಯಿ. ದುರ್ಗಮನೆಂಬ ದೈತ್ಯ ವೇದಗಳನ್ನು ಕಸಿದುಕೊಂಡ, ಯಜ್ಞ ನಿಂತವು, ನೂರು ವರ್ಷ ಮಳೆಯಾಗಲಿಲ್ಲ. ಹಸಿದ ಜನರನ್ನು ನೋಡಿ ದೇವಿ ಮೈತುಂಬ ಕಣ್ಣಾಗಿ ಒಂಬತ್ತು ದಿನ ಅತ್ತಳು. ಆ ಕಣ್ಣೀರೇ ಮಳೆಯಾಯಿತು, ಶತಾಕ್ಷಿ ಎಂಬ ಹೆಸರೂ ಬಂತು. ಬೆಳೆ ಕೈಗೆ ಬರುವವರೆಗೆ ತನ್ನ ಮೈಯಿಂದಲೇ ಸೊಪ್ಪು, ಕಾಯಿ, ಗೆಡ್ಡೆ ಹುಟ್ಟಿಸಿ ಉಣಿಸಿದಳು. ಅವ್ವ ಪುಂಡಿಪಲ್ಯದ ಮೊದಲ ತುತ್ತನ್ನು ಕಣ್ಣಿಗೆ ಒತ್ತಿಕೊಂಡು ತಿಂದದ್ದು ಇದಕ್ಕೇ. ಪುಷ್ಯ ಮಾಸದ ಶುದ್ಧ ಅಷ್ಟಮಿಯಿಂದ ಬನದ ಹುಣ್ಣಿಮೆವರೆಗೆ ಇಲ್ಲಿ ನವರಾತ್ರಿ. ಆಗ ಬರುವ ಪಲ್ಯದ ಹಬ್ಬದಲ್ಲಿ ತಾಯಿಗೆ 108 ಬಗೆಯ ಕಾಯಿಪಲ್ಯದ ಅಡುಗೆ ಎಡೆ ಹಿಡಿಯುತ್ತಾರೆ.

ಗುಡಿಯ ಮೂಲ ಚಾಲುಕ್ಯರ ಕಾಲದ್ದು, ಅವರ ಕುಲದೇವಿ ಈಕೆ. ಈಗ ನಾವು ನೋಡುವ ಕಟ್ಟಡವನ್ನು 1750ರಲ್ಲಿ ಮರಾಠಾ ಸರದಾರ ಪರಶುರಾಮ ಅಗಳೆ ಕಟ್ಟಿಸಿದರು. ಗರ್ಭಗುಡಿಯಲ್ಲಿ ಕಪ್ಪು ಕಲ್ಲಿನ ಮೂರ್ತಿ, ಎಂಟು ಕೈ, ಸಿಂಹದ ಮೇಲೆ ಕೂತ ಭಂಗಿ, ಕಾಲ ಕೆಳಗೆ ದೈತ್ಯ. ಮೈಮೇಲೆ ಸೀರೆ, ಹೂವು ತುಂಬಿರುವುದರಿಂದ ಮುಖವೊಂದೇ ಸರಿಯಾಗಿ ಕಾಣುತ್ತದೆ. ನನಗೆ ಅಷ್ಟೇ ಸಾಕು.

ಎದುರಿನ ಹರಿದ್ರಾ ತೀರ್ಥ ಒಂದೊಂದು ಬದಿಗೆ 360 ಅಡಿ ಇರುವ ಚೌಕ ಹೊಂಡ, ಮೂರು ಕಡೆ ಕಲ್ಲಿನ ಮಂಟಪಗಳ ಸಾಲು. ಹರಕೆ ಹೊತ್ತವರು ಹಸುಗೂಸನ್ನು ಬಾಳೆದಿಂಡಿನ ತೆಪ್ಪದಲ್ಲಿ ಕೂರಿಸಿ ಈ ನೀರಿನ ಮೇಲೆ ತೇಲಿಸುತ್ತಾರೆ. ನನ್ನನ್ನೂ ತೇಲಿಸಿದ್ದರಂತೆ. ಅಪ್ಪ ತೆಪ್ಪದ ಜೊತೆ ಎದೆಮಟ್ಟ ನೀರಿನಲ್ಲಿ ನಡೆದದ್ದು, ತಾನು ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದು ನಿಂತದ್ದು ಎಲ್ಲವನ್ನೂ ಅವ್ವ ರೊಟ್ಟಿ ನೆನೆಯುವ ಹೊತ್ತಿನಲ್ಲಿ ಮತ್ತೆ ಹೇಳಿದಳು. ಈ ಸಲ ನೀರು ತಳದಲ್ಲಿತ್ತು. ಇದ್ದ ನೀರಿನ ಮೇಲೆ ಉಂಡು ಬಿಸಾಕಿದ ಪ್ಲಾಸ್ಟಿಕ್ ತಟ್ಟೆ, ಬಾಟಲಿ ತೇಲುತ್ತಿದ್ದವು. ನೋಡಿ ಸಂಕಟವಾಯಿತು. ಉಂಡವರು ದಯವಿಟ್ಟು ತಟ್ಟೆಯನ್ನು ಬುಟ್ಟಿಯವರ ಕೈಗೆ ವಾಪಸ್ ಕೊಡಿ, ಅವರು ಚೀಲಕ್ಕೆ ಹಾಕಿಕೊಳ್ಳುತ್ತಾರೆ.

ಇನ್ನೊಂದು ಮಾತು. ಗುಡಿಯಿಂದ ಹೊರಗೆ ಬಂದ ಕೂಡಲೇ ನಾಲ್ಕೈದು ಜನ ಒಟ್ಟಿಗೆ ಸುತ್ತುವರಿಯುತ್ತಾರೆ, ಹೊಸಬರಿಗೆ ಗಾಬರಿಯಾಗಬಹುದು. ಸಿಟ್ಟು ಮಾಡಬೇಡಿ. ಬೆಳಗಿನ ಜಾವ ಎದ್ದು ರೊಟ್ಟಿ ಬಡಿದು ತಂದವರು ಅವರು. ಒಬ್ಬರನ್ನು ಆರಿಸಿಕೊಂಡು ದರ ಮೊದಲೇ ಕೇಳಿ ಕೂತುಬಿಡಿ. ಎರಡು ಗಂಟೆ ದಾಟಿದರೆ ಮೆತ್ತನೆ ರೊಟ್ಟಿ ಸಿಗುವುದು ಕಷ್ಟ. ಶುಕ್ರವಾರ, ಹುಣ್ಣಿಮೆಗೆ ಗದ್ದಲ ಜಾಸ್ತಿ. ಜಾತ್ರೆಯಲ್ಲಂತೂ ಕೇಳಲೇಬೇಡಿ, ಆದರೆ ನಾಟಕ ಕಂಪನಿಗಳ ಡೇರೆ, ಕಟ್ಟಿಗೆ ಬಾಗಿಲುಗಳ ಸಾಲು ನೋಡಲಿಕ್ಕಾದರೂ ಒಮ್ಮೆ ಹೋಗಿ. ನಮ್ಮ ತವರಿನ ತಲಬಾಗಿಲು ಆ ಜಾತ್ರೆಯಲ್ಲೇ ಕೊಂಡದ್ದು, ಇವತ್ತಿಗೂ ಒಂದು ಬಿರುಕು ಬಿಟ್ಟಿಲ್ಲ.

ಹೊರಡುವಾಗ ಹತ್ತು ಕಡಕ್ ರೊಟ್ಟಿ ಕಟ್ಟಿಸಿಕೊಂಡೆವು. ಎಣಿಸಿ ಕೊಟ್ಟ ಮೇಲೆ ಆ ಅಕ್ಕ ಇನ್ನೊಂದನ್ನು ತೆಗೆದು ಅವ್ವನ ಸೆರಗಿಗೆ ಹಾಕಿ, "ಇದು ತಾಯಿದು, ಲೆಕ್ಕದಾಗ ಹಿಡೀಬ್ಯಾಡ್ರಿ" ಅಂದರು. ಅವ್ವ ಅದನ್ನು ಬನಹಟ್ಟಿ ಮುಟ್ಟುವವರೆಗೂ ಮಡಿಲಲ್ಲೇ ಇಟ್ಟುಕೊಂಡಿದ್ದಳು.