ಹಿಡಿಕೆಯ ಗಾಡಿ, ಕಬ್ಬಿಣದ ಮೂರು ಗಾಲಿ, ಪೆಡಲಿಲ್ಲದ ಸೈಕಲ್: ಹದಿನೆಂಟು ತಿಂಗಳ ಹೋಲಿಕೆ

ಮೊಮ್ಮಗಳಿಗೆ ಒಂದು ವರ್ಷ ಹತ್ತು ತಿಂಗಳಾಗಿದ್ದಾಗ ನಮ್ಮ ಮನೆಗೆ ಮೊದಲ ಸೈಕಲ್ ಬಂತು. ಈಗ ಅವಳಿಗೆ ಮೂರು ವರ್ಷ ನಾಲ್ಕು ತಿಂಗಳು. ಈ ಅವಧಿಯಲ್ಲಿ ತುಮಕೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯ ಹಾಲಿನಲ್ಲಿ, ಗೇಟಿನ ಮುಂದಿನ ಅಡ್ಡರಸ್ತೆಯಲ್ಲಿ ಮತ್ತು ಸಂಜೆಯ ಹೊತ್ತು ಅಮಾನಿಕೆರೆ ಉದ್ಯಾನದ ನಡಿಗೆಯ ದಾರಿಯಲ್ಲಿ ಅವಳು ಮೂರು ಬಗೆಯ ಗಾಡಿಗಳನ್ನು ಓಡಿಸಿದ್ದಾಳೆ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ನನಗೆ ಅವುಗಳನ್ನು ಅಳೆದು, ತೂಗಿ, ಬರೆದಿಟ್ಟುಕೊಳ್ಳುವ ಚಟ ಬಿಡಲಿಲ್ಲ.

ಮೊದಲನೆಯದು ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ 3,800 ರೂಪಾಯಿಗೆ ಕೊಂಡ ಪ್ಲಾಸ್ಟಿಕ್ ಗಾಡಿ. ಇದಕ್ಕೆ ಮೇಲೆ ಬಿಸಿಲುಮರೆ, ಸೊಂಟಕ್ಕೆ ಬೆಲ್ಟು, ಹಿಂದಿನಿಂದ ದೊಡ್ಡವರು ತಳ್ಳುವುದಕ್ಕೆ ಉದ್ದನೆಯ ಹಿಡಿಕೆ ಇವೆ. ಎರಡನೆಯದು ನನ್ನ ಮಗನಿಗೆಂದು 1992ರ ಸಿದ್ಧಗಂಗೆ ಜಾತ್ರೆಯಲ್ಲಿ ತಂದು, ಅವನು ಬೆಳೆದ ಮೇಲೆ ಅಟ್ಟ ಸೇರಿದ್ದ ಕಬ್ಬಿಣದ ಮೂರು ಗಾಲಿ ಸೈಕಲ್. ಮೂರನೆಯದು ಪಕ್ಕದ ಮನೆಯವರು ಮೂರು ತಿಂಗಳ ಮಟ್ಟಿಗೆ ಕೊಟ್ಟ, ಪೆಡಲೇ ಇಲ್ಲದ ಎರಡು ಗಾಲಿಯ ಪುಟ್ಟ ಸೈಕಲ್.

ಹಿಡಿಕೆಯ ಗಾಡಿಯ ಬಗ್ಗೆ ಮೊದಲು ಒಳ್ಳೆಯ ಮಾತನ್ನೇ ಹೇಳಬೇಕು. ಎರಡು ವರ್ಷ ತುಂಬದ ಮಗುವನ್ನು ಅಮಾನಿಕೆರೆಯವರೆಗೆ ಎತ್ತಿಕೊಂಡು ಹೋಗುವುದು ಅರವತ್ತು ದಾಟಿದ ನನ್ನ ಸೊಂಟಕ್ಕೆ ಆಗದ ಕೆಲಸ. ಈ ಗಾಡಿಯಿಂದಾಗಿ ಆ ಆರು ತಿಂಗಳು ನಾವಿಬ್ಬರೂ ಹೊರಗಿನ ಗಾಳಿ ಕಂಡೆವು. ದಾರಿಯಲ್ಲಿ ಕಂಡ ಹಸು, ಹೂವಿನ ಗಾಡಿ, ಬಸ್ಸುಗಳ ಹೆಸರುಗಳನ್ನೆಲ್ಲ ಅವಳು ಅದರಲ್ಲಿ ಕುಳಿತೇ ಕಲಿತಳು. ಆದರೆ ಒಂದು ಸಂಜೆ ಉದ್ಯಾನದಲ್ಲಿ ನಾಯಿಮರಿಯೊಂದು ಬಲಗಡೆ ಕಂಡಿತು. ಅವಳು ಹ್ಯಾಂಡಲನ್ನು ಎರಡೂ ಕೈಯಿಂದ ಬಲಕ್ಕೆ ಪೂರ್ತಿ ತಿರುಗಿಸಿದಳು, ಗಾಡಿ ನೇರವಾಗಿಯೇ ಹೋಯಿತು. ಮತ್ತೊಮ್ಮೆ ತಿರುಗಿಸಿ, ಮುಂದಿನ ಗಾಲಿಯನ್ನು ಬಗ್ಗಿ ನೋಡಿ, ಆಮೇಲೆ ಕತ್ತು ಹೊರಳಿಸಿ ನನ್ನ ಮುಖ ನೋಡಿದಳು. ಮುಂದಿನ ಗಾಲಿ ಹಿಂದಿನ ಹಿಡಿಕೆಯ ಮಾತನ್ನು ಮಾತ್ರ ಕೇಳುವಂತೆ ಒಳಗೆ ಸರಳೊಂದನ್ನು ಜೋಡಿಸಿದ್ದರು. ಮಗುವಿನ ಕೈಯಲ್ಲಿದ್ದ ಹ್ಯಾಂಡಲ್ ಬರೀ ಅಲಂಕಾರಕ್ಕೆ. ಪೆಡಲ್ ಕೂಡ ಗಾಲಿಯಿಂದ ಬಿಡಿಸಿಟ್ಟ ಸ್ಥಿತಿಯಲ್ಲಿತ್ತು. ಅವಳು ಸವಾರಳಲ್ಲ, ಪ್ರಯಾಣಿಕಳು ಎಂಬುದು ನನಗಿಂತ ಮೊದಲು ಅವಳಿಗೆ ಗೊತ್ತಾಯಿತೆಂದು ತೋರುತ್ತದೆ; ಮರುದಿನದಿಂದ ಅವಳು ಹ್ಯಾಂಡಲ್ ಮುಟ್ಟುವುದನ್ನೇ ಬಿಟ್ಟಳು.

ಹಿಡಿಕೆಯನ್ನು ಕಳಚಿ, ಪೆಡಲನ್ನು ಗಾಲಿಗೆ ಸೇರಿಸಿ ಅದನ್ನೇ ನಿಜವಾದ ಸೈಕಲ್ಲಾಗಿ ಬಳಸಬಹುದೆಂದು ಅಂಗಡಿಯವರು ಹೇಳಿದ್ದರು. ಹಾಗೆ ಮಾಡಿದಾಗ ಬೇರೊಂದು ತೊಡಕು ಎದುರಾಯಿತು. ಒಳಗೆ ಟೊಳ್ಳಾಗಿರುವ ಪ್ಲಾಸ್ಟಿಕ್ ಗಾಲಿಗೆ ನಮ್ಮ ರೆಡ್ ಆಕ್ಸೈಡ್ ನೆಲದ ಮೇಲೆ ಹಿಡಿತವೇ ಸಿಗದು, ಹನ್ನೊಂದು ಕೆ.ಜಿ. ತೂಕದ ಮಗು ತುಳಿದಾಗ ಮುಂದಿನ ಗಾಲಿ ನಿಂತಲ್ಲೇ ಸುತ್ತುತ್ತಿತ್ತು. ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿಯಾಗಿ ಕತ್ತರಿಸಿ ಗಾಲಿಯ ಸುತ್ತ ಅಂಟಿಸಿದ ಮೇಲೆ ಪರವಾಗಿಲ್ಲ ಎನ್ನುವಂತಾಯಿತು. ಐದು ತಿಂಗಳಿಗೆ ಹಿಂದಿನ ಗಾಲಿಯೊಂದು ಸವೆದು ಬಿರುಕು ಬಿಟ್ಟಾಗ, ಬಿಡಿ ಗಾಲಿ ಸಿಗುವುದಿಲ್ಲ, ಬೇಕಾದರೆ ಹೊಸ ಗಾಡಿಯನ್ನೇ ಕೊಳ್ಳಿ ಎಂಬ ಉತ್ತರ ಬಂತು.

ಆಗ ಅಟ್ಟದ ಮೇಲಿನದು ನೆನಪಾಯಿತು. ತೂಕ 5 ಕೆ.ಜಿ. 800 ಗ್ರಾಂ, ಗಟ್ಟಿ ರಬ್ಬರಿನ ಟಯರು, ಹಿಂದೆ ಇನ್ನೊಂದು ಮಗು ನಿಲ್ಲುವಷ್ಟು ಅಗಲದ ತಗಡಿನ ಹಲಗೆ. ಮಂಡಿಪೇಟೆಯಲ್ಲಿ ಪೆಡಲಿನ ರಬ್ಬರು ಮತ್ತು ಹೊಸ ಬೆಲ್ ತಂದು, ಸಡಿಲವಾಗಿದ್ದ ಸೀಟಿಗೆ ವೆಲ್ಡಿಂಗ್ ಮಾಡಿಸಲು ಒಟ್ಟು 450 ರೂಪಾಯಿ ಹಿಡಿಯಿತು. ಬಣ್ಣದ ವಿಚಾರದಲ್ಲಿ ಮಾತ್ರ ನಾನು ಅವಸರ ಮಾಡಲಿಲ್ಲ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಅಂಶ 90 ಪಿ.ಪಿ.ಎಂ. (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. 1992ರ ಕೆಂಪು ಬಣ್ಣದಲ್ಲಿ ಏನಿತ್ತೋ ಎಂಬ ಅಂಜಿಕೆಯಿಂದ, ಮಗು ಊರಿನಲ್ಲಿಲ್ಲದ ಎರಡು ದಿನ ನೋಡಿಕೊಂಡು, ಧೂಳೇಳದಂತೆ ನೀರು ಹಚ್ಚುತ್ತಾ ಉಜ್ಜಿ ತೆಗೆಸಿ ಹೊಸ ಬಣ್ಣ ಬಳಿಸಿದೆವು. ಆಟಿಕೆಗಳಿಗೆ ಐ.ಎಸ್.ಐ. ಗುರುತು ಕಡ್ಡಾಯವಾದದ್ದು 2021ರ ಜನವರಿ 1ರಿಂದ. ಪ್ಲಾಸ್ಟಿಕ್ ಗಾಡಿಯ ಮೇಲೆ ಅದು ಇತ್ತು, ಕಬ್ಬಿಣದ್ದಕ್ಕೆ ಎಲ್ಲಿಂದ ಬರಬೇಕು? ಅದರ ತಗಡಿನ ಅಂಚುಗಳನ್ನು ನಾನೇ ಬೆರಳಾಡಿಸಿ ನೋಡಿ, ಚೂಪಾಗಿದ್ದ ಎರಡು ಕಡೆ ಅರ ಹಾಕಿಸಿದೆ.

ಪೆಡಲ್ ತುಳಿಯುವುದು ದೊಡ್ಡವರಿಗೆ ಕಾಣುವಷ್ಟು ಸುಲಭದ ವಿದ್ಯೆಯಲ್ಲ; ಸಾಮಾನ್ಯವಾಗಿ ಮಕ್ಕಳಿಗೆ ಅದು ಕೈಗೂಡುವುದು ಮೂರು ವರ್ಷದ ಆಸುಪಾಸಿನಲ್ಲಿ. ನಮ್ಮವಳು ಮೊದಮೊದಲು ಎರಡೂ ಕಾಲಿನಿಂದ ಒಟ್ಟಿಗೆ ಒತ್ತುತ್ತಿದ್ದಳು, ಒಂದು ಕಾಲಿನ ಬಲವನ್ನು ಇನ್ನೊಂದು ಕಾಲು ತಿನ್ನುತ್ತಿತ್ತು, ಗಾಡಿ ಕದಲುತ್ತಿರಲಿಲ್ಲ. ಜೊತೆಗೆ ಪೆಡಲುಗಳು ಒಂದು ನೇರ ಮೇಲೆ, ಇನ್ನೊಂದು ನೇರ ಕೆಳಗೆ ನಿಂತಿದ್ದರೆ ಎಷ್ಟು ಒತ್ತಿದರೂ ಗಾಲಿ ತಿರುಗದು. ಗಡಿಯಾರದ ಮುಳ್ಳು ಹನ್ನೆರಡನ್ನು ದಾಟಿ ಒಂದೂವರೆಯ ಕಡೆಗೆ ಹೊರಟಂತೆ ಮೇಲಿನ ಪೆಡಲನ್ನು ತುಸು ಮುಂದಕ್ಕೆ ಸರಿಸಿಟ್ಟು, ಆ ಕಾಲಿನ ಮೊಣಕಾಲನ್ನು ತಟ್ಟಿ "ಇದು ಮಾತ್ರ" ಎಂದರೆ ಸಾಕಾಗುತ್ತಿತ್ತು. ಈ ಪಾಠಕ್ಕೆ ಒಂಬತ್ತು ದಿನ ಹಿಡಿಯಿತು. ಇನ್ನೊಂದು ಸಂಗತಿಯೆಂದರೆ, ಪೆಡಲ್ ಇರುವುದೂ ತಿರುಗುವುದೂ ಒಂದೇ ಗಾಲಿಯಾದ್ದರಿಂದ ಎಡಗಾಲು ಒತ್ತಿದಾಗ ಒಂದು ಕಡೆಗೆ, ಬಲಗಾಲು ಒತ್ತಿದಾಗ ಮತ್ತೊಂದು ಕಡೆಗೆ ಹ್ಯಾಂಡಲ್ ಎಳೆಯುತ್ತದೆ. ಅದನ್ನು ಕೈಯಿಂದ ಬಿಗಿಯಾಗಿ ಹಿಡಿದು ನೇರ ಮಾಡುವುದನ್ನು ಯಾರೂ ಹೇಳಿಕೊಡಬೇಕಾಗಲಿಲ್ಲ; ಮೊದಲ ವಾರ ಹಾವಿನಂತೆ ಹೋಗುತ್ತಿದ್ದವಳು ಎರಡನೆಯ ವಾರದಲ್ಲಿ ಸೋಫಾ ಮತ್ತು ಟೀಪಾಯಿಯ ನಡುವಿನ ಸಂದಿಯಲ್ಲಿ ತಗುಲದೆ ಹೋಗತೊಡಗಿದಳು.

ಇದಕ್ಕೆ ಚೈನಿಲ್ಲ. ಪೆಡಲ್ ಒಂದು ಸುತ್ತು ತಿರುಗಿದರೆ ಗಾಲಿಯೂ ಒಂದೇ ಸುತ್ತು. ಗಾಲಿಯ ಅಡ್ಡಳತೆ 30 ಸೆಂ.ಮೀ. ಇರುವುದರಿಂದ ಸುತ್ತಿಗೆ ಸುಮಾರು 94 ಸೆಂ.ಮೀ.; ಹದಿನೈದು ಅಡಿಯ ನಮ್ಮ ಹಾಲು ದಾಟಲು ಐದು ಸುತ್ತು. ಗಾಲಿಯ ಒಂದು ಕಡ್ಡಿಗೆ ಹಳದಿ ದಾರ ಕಟ್ಟಿದೆ. ದಾರ ಮೇಲೆ ಬಂದಾಗಲೆಲ್ಲ ಎಣಿಸುತ್ತಾ ಅವಳು ಐದರವರೆಗಿನ ಎಣಿಕೆಯನ್ನು ಬಾಯಿಪಾಠವಾಗಿ ಅಲ್ಲ, ಹಾಲಿನ ಆಚೆ ಗೋಡೆ ಬರುವಷ್ಟು ದೂರವಾಗಿ ತಿಳಿದುಕೊಂಡಳು. ಹಿಂದಿನ ಹಲಗೆಯ ಮೇಲೆ ಬಿದಿರಿನ ಬುಟ್ಟಿ ಇಟ್ಟು "ದಂಟು, ಮೆಂತ್ಯ, ಸಬ್ಬಸಿಗೆ" ಎಂದು ಸೊಪ್ಪಿನವರ ರಾಗದಲ್ಲೇ ಕೂಗುತ್ತಾ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುವ ಆಟವಂತೂ ಇಂದಿಗೂ ನಡೆದಿದೆ. ಹಿಡಿಕೆಯ ಗಾಡಿಯಲ್ಲಿ ಇಂಥ ಒಂದು ಆಟವನ್ನೂ ಅವಳು ಕಟ್ಟಿರಲಿಲ್ಲ.

ದೋಷವಿಲ್ಲದಿಲ್ಲ. ಬ್ರೇಕ್ ಇಲ್ಲದ ಈ ಸೈಕಲ್ ಇಳಿಜಾರಿನಲ್ಲಿ ಅಪಾಯಕಾರಿ. ನಮ್ಮ ಗೇಟಿನ ಮುಂದಿನ ಸಣ್ಣ ಇಳಿಜಾರಿನಲ್ಲಿ ಒಮ್ಮೆ ನನ್ನ ಕೈ ತಪ್ಪಿ ಅದು ಹೊರಟಾಗ, ಗಾಲಿಯ ವೇಗಕ್ಕೆ ಪೆಡಲುಗಳು ಗಿರಗಿರನೆ ಸುತ್ತಿ ಅವಳ ಕಾಲುಗಳು ಕಳಚಿಕೊಂಡವು, ಪೆಡಲ್ ಮೀನಖಂಡಕ್ಕೆ ಬಡಿದು ವಾರದವರೆಗೆ ನೀಲಿಗಟ್ಟಿತ್ತು. ಆ ಜಾಗಕ್ಕೆ ಈಗ ಮರದ ಹಲಗೆ ಅಡ್ಡ ಇಡುತ್ತೇವೆ. ವೇಗದಲ್ಲಿ ಹಠಾತ್ತಾಗಿ ತಿರುಗಿಸಿದರೆ ಹೊರಬದಿಗೆ ಮಗುಚುವ ಸ್ವಭಾವವೂ ಉಂಟು, ಏಕೆಂದರೆ ಮೂರು ಗಾಲಿಯ ಗಾಡಿ ತಿರುವಿನಲ್ಲಿ ಒಳಕ್ಕೆ ವಾಲಲಾರದು. ಸೀಟು ತಗ್ಗಾಗಿಯೂ ಹಿಂದಿನ ಗಾಲಿಗಳು ದೂರದೂರವಾಗಿಯೂ ಇದ್ದಷ್ಟು ಒಳ್ಳೆಯದು. ನಮ್ಮ ಕಬ್ಬಿಣದ್ದರಲ್ಲಿ ಆ ಅಂತರ 42 ಸೆಂ.ಮೀ., ಪ್ಲಾಸ್ಟಿಕ್ಕಿನದರಲ್ಲಿ 36.

ಪೆಡಲಿಲ್ಲದ ಸೈಕಲ್ ಕಂಡಾಗ ನನಗೆ ನಗು ಬಂದಿತ್ತು. ಆದರೆ ಸೈಕಲ್ಲಿನ ಮೂಲವೇ ಅದು: 1817ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಡ್ರೈಸ್ ಓಡಿಸಿದ ಮರದ ಯಂತ್ರಕ್ಕೆ ಪೆಡಲ್ ಇರಲಿಲ್ಲ, ನೆಲವನ್ನು ಕಾಲಿನಿಂದ ಒದೆಯುತ್ತಾ ಸಾಗಬೇಕಿತ್ತು. ಇದರಲ್ಲಿ ಕಲಿಯುವುದು ಸಮತೋಲನ, ಅದು ಮೂರು ಗಾಲಿ ಎಂದೂ ಕಲಿಸಲಾರದ ಪಾಠ. ಮೊದಲ ಹತ್ತು ದಿನ ಅವಳು ಅದನ್ನು ತೊಡೆಗಳ ನಡುವೆ ಇಟ್ಟುಕೊಂಡು ನಡೆದಳಷ್ಟೆ. ಸೀಟಿನ ಮೇಲೆ ಭಾರ ಹಾಕಲೇ ಇಲ್ಲ. ತಿಂಗಳ ಕೊನೆಗೆ ಉದ್ಯಾನದ ಸಮತಟ್ಟಾದ ದಾರಿಯಲ್ಲಿ ಎರಡೂ ಕಾಲೆತ್ತಿ ನಾಲ್ಕೈದು ಅಡಿ ತೇಲಿ ಹೋದಳು. ನನ್ನ ಅಣ್ಣಂದಿರು ಅಪ್ಪನ ದೊಡ್ಡ ಸೈಕಲ್ಲಿಗೆ ಒಳಪೆಡಲ್ ಹಾಕಿ, ಮಂಡಿ ಒಡೆದುಕೊಂಡು ಕಲಿತದ್ದು ಇದನ್ನೇ. (ಹೆಣ್ಣು ಮಗಳೆಂದು ನನಗೆ ಕಲಿಸಲಿಲ್ಲ.) ಒಂದು ಷರತ್ತೆಂದರೆ, ಸೀಟಿನ ಮೇಲೆ ಕುಳಿತಾಗ ಎರಡೂ ಪಾದಗಳು ಪೂರ್ತಿ ನೆಲಕ್ಕೆ ಊರಬೇಕು. ಇದರಲ್ಲಿ ಬೀಳುವುದು ಹೆಚ್ಚು, ಹೆಲ್ಮೆಟ್ ಇಲ್ಲದೆ ನಾನು ಬಿಡುವುದಿಲ್ಲ. ಮನೆಯೊಳಗೆ ಇದು ನಿಷ್ಪ್ರಯೋಜಕ. ಹಾಲಿನಲ್ಲಿ ಮೂರು ಹೆಜ್ಜೆಗೆ ಗೋಡೆ.

ಹೀಗಾಗಿ, ಒಂದನ್ನೇ ಕೊಳ್ಳಬೇಕೆಂದರೆ ನಾನು ಎರಡೂವರೆ ವರ್ಷದವರೆಗೆ ಕಾದು, ಹಿಡಿಕೆಯಿಲ್ಲದ, ರಬ್ಬರ್ ಗಾಲಿಯ ಗಟ್ಟಿ ಮೂರು ಗಾಲಿಯನ್ನೇ ತರುತ್ತೇನೆ. ಅಂಗಡಿಯಲ್ಲಿ ಮಗುವನ್ನು ಕೂರಿಸಿ, ಪೆಡಲ್ ತೀರ ದೂರದಲ್ಲಿದ್ದಾಗಲೂ ಮೊಣಕಾಲು ತುಸು ಮಡಿಚಿರುವುದೇ, ಹ್ಯಾಂಡಲ್ ತಿರುಗಿಸಿದಾಗ ಗಾಲಿ ನಿಜವಾಗಿ ತಿರುಗುವುದೇ ಎಂದು ನೋಡದೆ ದುಡ್ಡು ಕೊಡುವುದಿಲ್ಲ. ಪೆಡಲಿಲ್ಲದ್ದು ಮನೆಯ ಹತ್ತಿರ ಸಮತಟ್ಟಾದ, ವಾಹನ ಬಾರದ ಜಾಗವಿರುವವರಿಗೆ. ಪಕ್ಕದ ಮನೆಯವರ ಎರಡನೆಯ ಮಗುವಿಗೆ ಈಗ ಹದಿನಾಲ್ಕು ತಿಂಗಳು, ಅದರ ಅಜ್ಜಿಗೂ ನನ್ನಂತೆಯೇ ಸೊಂಟನೋವು. ಬಿರುಕು ಬಿಟ್ಟ ಗಾಲಿಗೂ ಟ್ಯೂಬಿನ ಪಟ್ಟಿ ಸುತ್ತಿ, ಹಿಡಿಕೆಯನ್ನು ಮತ್ತೆ ಸಿಕ್ಕಿಸಿ, ಆ ಪ್ಲಾಸ್ಟಿಕ್ ಗಾಡಿಯನ್ನು ಅವರಿಗೆ ಕೊಟ್ಟಿದ್ದೇವೆ.