ರಾಟ್‌ವೀಲರ್‌ಗೆ ವೆಲ್ಡಿಂಗ್ ಶಾಪಿನ ರೆಡಿಮೇಡ್ ಗೂಡು ಸಾಕೇ?

ಕಾಸರಗೋಡು, ಬದಿಯಡ್ಕ, ಮುಳ್ಳೇರಿಯ ಕಡೆಯ ವೆಲ್ಡಿಂಗ್ ಶಾಪುಗಳಲ್ಲಿ ಸಿಗುವ ಕಬ್ಬಿಣದ ನಾಯಿಗೂಡು ಹೆಚ್ಚಾಗಿ ಒಂದೇ ಅಚ್ಚಿನದು. ನಾಲ್ಕಡಿ ಉದ್ದ, ಮೂರಡಿ ಅಗಲ, ನಾಲ್ಕಡಿ ಎತ್ತರ. ಒಂದಿಂಚಿನ ಚೌಕ ಪೈಪಿನ ಚೌಕಟ್ಟು, ನೆಲಕ್ಕೆ ವೆಲ್ಡ್ ಮೆಶ್ ಎಂಬ ಕಂಬಿಯ ಬಲೆ, ಮೇಲೆ ಬಣ್ಣದ ಶೀಟು. ಊರುನಾಯಿಗೆ, ಪೊಮೆರೇನಿಯನ್‌ಗೆ ಇದು ಧಾರಾಳ. ರಾಟ್‌ವೀಲರ್‌ಗೆ ಮಾತ್ರ ಇದನ್ನು ಇದ್ದ ಹಾಗೆ ತಂದಿಡಬಾರದು.

ಮೊದಲು ಅಳತೆ. ಬೆಳೆದ ಗಂಡು ರಾಟ್‌ವೀಲರ್ ಭುಜದವರೆಗೆ 61ರಿಂದ 68 ಸೆಂ.ಮೀ. ಎತ್ತರ, ತೂಕ ಸುಮಾರು 50 ಕಿಲೋ. ಹೆಣ್ಣು ಸ್ವಲ್ಪ ಸಣ್ಣದು, 42 ಕಿಲೋದ ಆಸುಪಾಸು. ನಾಲ್ಕಡಿಯ ಗೂಡಿನಲ್ಲಿ ಅದು ನಿಲ್ಲಬಹುದು, ಮುದುಡಿ ಮಲಗಬಹುದು. ಕಾಲು ಚಾಚಿ ಅಡ್ಡ ಮಲಗಲು ಜಾಗ ಸಾಲದು. ಐದಡಿ ಉದ್ದ, ನಾಲ್ಕಡಿ ಅಗಲ ಕನಿಷ್ಠ ಬೇಕು. ಎತ್ತರ ಐದಡಿ ಇದ್ದರೆ ಒಳಗೆ ಹೋಗಿ ತೊಳೆಯಲು ನಮಗೂ ಅನುಕೂಲ. ಮರಿ ಸಣ್ಣದಿದೆ ಎಂದು ಸಣ್ಣ ಗೂಡು ತರಬೇಡಿ. ಎಂಟು ತಿಂಗಳಲ್ಲಿ ಇನ್ನೊಂದು ಕೊಳ್ಳಬೇಕಾಗುತ್ತದೆ.

ಈ ಗೂಡಿನ ದೊಡ್ಡ ದೋಷ ನೆಲದ್ದು. ಮೂತ್ರ ಕೆಳಗಿಳಿದು ಹೋಗಲಿ, ತೊಳೆಯುವ ಕೆಲಸ ಉಳಿಯಲಿ ಎಂದು ಮೆಶ್ ಹಾಕುತ್ತಾರೆ. ಮರಿಯ ಬೆರಳು ಆ ತೂತುಗಳಲ್ಲಿ ಅಗಲಿಸಿ ಕೂರುತ್ತದೆ, ಉಗುರು ಸಿಕ್ಕಿ ಕೀಳುತ್ತದೆ. ಸೊಂಟದ ಕೀಲು ಸಡಿಲವಾಗುವ ತೊಂದರೆ ವಂಶದಿಂದಲೇ ಬರುವ ಸಂಭವವಿರುವ ತಳಿ ಇದು. ಬೆಳೆಯುವ ವಯಸ್ಸಿನಲ್ಲಿ ಕಾಲು ಜಾರುವ, ಗಟ್ಟಿ ಹಿಡಿತವಿಲ್ಲದ ನೆಲ ಬೇಡವೇ ಬೇಡ. ದೊಡ್ಡ ನಾಯಿಯ ಕಷ್ಟ ಇನ್ನೊಂದು ಬಗೆ. ಅಷ್ಟು ಭಾರದ ಮೈಯನ್ನು ಕಬ್ಬಿಣದ ಮೇಲೋ ಬರಿ ಸಿಮೆಂಟಿನ ಮೇಲೋ ದಿನವೂ ಬೀಳಿಸಿ ಮಲಗಿದರೆ ಮೊಣಕೈಯ ಕೂದಲು ಮೊದಲು ಉದುರುತ್ತದೆ, ಚರ್ಮ ಬೂದು ಬಣ್ಣಕ್ಕೆ ತಿರುಗಿ ದಪ್ಪವಾಗುತ್ತದೆ, ಆಮೇಲೆ ಅಲ್ಲಿ ನೀರು ತುಂಬಿದ ಮೆತ್ತಗಿನ ಗಂಟು ಏಳುತ್ತದೆ. ಅದನ್ನು ಸೂಜಿ ಚುಚ್ಚಿ ಬರಿದು ಮಾಡಲು ಹೊರಟರೆ ಕೀವಾಗುವ ಅಪಾಯ. ಮೆತ್ತಗಿನ ನೆಲ ಮಾಡಿಕೊಟ್ಟರೆ ಆರಂಭದ ಗಂಟು ಹೆಚ್ಚಾಗಿ ತಾನಾಗಿಯೇ ಇಳಿಯುತ್ತದೆ.

ಆದ್ದರಿಂದ ಮೆಶ್ ತೆಗೆಸಿ, ನೆಲದಿಂದ ಒಂದಡಿ ಎತ್ತರಕ್ಕೆ ಮರದ ಪಟ್ಟಿಗಳನ್ನು ಕಾಲಿಂಚು ಸಂದು ಬಿಟ್ಟು ಹಾಕಿಸಿ. ಮಲಗುವ ಅರ್ಧಕ್ಕೆ ದನದ ಹಟ್ಟಿಗೆ ಹಾಸುವ ರಬ್ಬರ್ ಮ್ಯಾಟನ್ನು ಕತ್ತರಿಸಿ ಹಾಸಿ. ಅಂಚನ್ನು ಆ್ಯಂಗಲ್ ಪಟ್ಟಿಯ ಅಡಿಗೆ ಸಿಕ್ಕಿಸಬೇಕು, ಇಲ್ಲವಾದರೆ ಮರಿ ಅಗಿದು ನುಂಗುತ್ತದೆ; ಕರುಳಿನಲ್ಲಿ ಸಿಕ್ಕಿದ ರಬ್ಬರ್ ತುಂಡಿಗೆ ಆಪರೇಷನ್ನೇ ದಾರಿ. ವಾರಕ್ಕೊಮ್ಮೆ ಮ್ಯಾಟನ್ನು ಎತ್ತಿ ಬಿಸಿಲಿಗೆ ಹಾಕಿ. ಪ್ಲೈವುಡ್ ಬೇಡ. ಒಂದು ಮಳೆಗಾಲಕ್ಕೆ ಉಬ್ಬಿ ಪದರ ಬಿಡುತ್ತದೆ, ಆ ಪದರದೊಳಗೆ ಉಣುಗು ಮೊಟ್ಟೆ ಇಡುತ್ತದೆ.

ಉಣುಗಿನ ವಿಷಯಕ್ಕೆ ಬಂದರೆ, ಪೈಪಿನ ತುದಿಗಳನ್ನು ನೋಡಿ. ಅಗ್ಗದ ಗೂಡಿನಲ್ಲಿ ತೆರೆದೇ ಇರುತ್ತವೆ. ರಕ್ತ ಕುಡಿದ ಹೆಣ್ಣು ಉಣುಗು ನಾಯಿಯ ಮೈಯಿಂದ ಇಳಿದು ಇಂಥ ಸಂದಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನೀರು ಹೊಕ್ಕು ಪೈಪು ಒಳಗಿನಿಂದ ತುಕ್ಕು ಹಿಡಿಯುವುದೂ ಅಲ್ಲೇ. ಎಲ್ಲ ತುದಿಗೂ ತುಂಡು ತಗಡಿಟ್ಟು ವೆಲ್ಡ್ ಮಾಡಿಸಿ. ನಾಯಿಗೆ ಮಾತ್ರ ಮದ್ದು ಕೊಟ್ಟು ಗೂಡನ್ನು ಬಿಟ್ಟರೆ ಉಣುಗು ಹೋಗದು. ಊಟ ಬಿಡುವುದು, ವಸಡು ಬಿಳಚುವುದು, ಮೂಗಿನಲ್ಲಿ ರಕ್ತ: ಇವು ಉಣುಗು ಜ್ವರದ ಗುರುತು, ಅಂದೇ ರಕ್ತ ಪರೀಕ್ಷೆ ಮಾಡಿಸಿ.

ಮಾಡಿನ ಶೀಟು ಮಾರ್ಚಿನಿಂದ ಮೇವರೆಗೆ ಕೆಂಡ. ಕಪ್ಪು ಮೈ, ಒಳಗೆ ಇನ್ನೊಂದು ಪದರ ಕೂದಲು, ಮೇಲೆ ನಮ್ಮ ಕರಾವಳಿಯ ಸೆಕೆ. ಗಾಳಿಯಲ್ಲಿ ತೇವ ಹೆಚ್ಚಿದ್ದಾಗ ನಾಯಿ ಎಷ್ಟು ಏದಿದರೂ ಮೈ ತಣಿಯದು. ಶೀಟಿನ ಮೇಲೆ ಒಂದಡಿ ಸಂದು ಬಿಟ್ಟು ಸೋಗೆ ಹೊದೆಸಿ; ಸಂದಿನಲ್ಲಿ ಗಾಳಿ ಆಡುವುದೇ ಮುಖ್ಯ. ಪಡುವಣ ಬದಿಗೆ ಮಾಡು ಎರಡಡಿ ಹೊರಗೆ ಚಾಚಿರಲಿ, ಜೂನಿನಿಂದ ಎರಚಲು ಬರುವುದು ಆ ದಿಕ್ಕಿನಿಂದ. ನಾಯಿಯ ಸಹಜ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿ ನಾಲಿಗೆ ಕಡು ಕೆಂಪಾಗಿ ಓಲಾಡಿದರೆ ಮೈಗೆಲ್ಲ ಸಾದಾ ನೀರು ಹೊಯ್ದು, ಫ್ಯಾನ್ ಗಾಳಿ ಹಾಕಿ, ಆಸ್ಪತ್ರೆಗೆ ಓಡಿ.

ಬಾಗಿಲು ಹೊರಕ್ಕೆ ತೆರೆಯುವಂತೆ ಇಡುತ್ತಾರೆ, ಒಂದೇ ಚಿಲಕ. ಐವತ್ತು ಕಿಲೋ ಮೈಯಿಂದ ದೂಡಿದರೆ ಚಿಲಕದ ಸ್ಕ್ರೂ ಕಿತ್ತು ಬರುತ್ತದೆ. ಒಳಕ್ಕೆ ತೆರೆಯುವ ಬಾಗಿಲಾದರೆ ನಾಯಿ ದೂಡಿದಷ್ಟೂ ಬಿಗಿಯುತ್ತದೆ. ಚಿಲಕ ಮೇಲೊಂದು ಕೆಳಗೊಂದು ಇರಲಿ. ಸರಳುಗಳ ನಡುವೆ ಎರಡು ಇಂಚಿಗಿಂತ ಹೆಚ್ಚು ಸಂದು ಬೇಡ.

ಗೂಡಿನ ಜೊತೆಗೆ ಕೊಡುವ, ಊಟದ ತಟ್ಟೆಯನ್ನು ಎತ್ತರದಲ್ಲಿ ಕೂರಿಸುವ ರಿಂಗನ್ನು ಬಿಟ್ಟುಬಿಡಿ. ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಎದೆ ಆಳವಾದ ದೊಡ್ಡ ನಾಯಿಗಳಿಗೆ ಹೆಚ್ಚು, ಎತ್ತರದ ತಟ್ಟೆಯ ಮೇಲೂ ಆ ಅನುಮಾನ ಇದೆ. ನೆಲದ ಮೇಲೆ ತಟ್ಟೆ, ದಿನಕ್ಕೆ ಎರಡು ಊಟ, ಉಂಡ ಮೇಲೆ ಒಂದು ಗಂಟೆ ಓಟವಿಲ್ಲ. ಉಳಿದ ಅನ್ನವನ್ನು ಕೂಡಲೇ ತೆಗೆಯಿರಿ. ಇಲಿ ಬಂದರೆ ಇಲಿಜ್ವರವೂ ಬರಬಹುದು, ಅದರ ಲಸಿಕೆಯನ್ನು ವರ್ಷಕ್ಕೊಮ್ಮೆ ಹಾಕಿಸಲೇಬೇಕು.

ಹಗಲೆಲ್ಲ ಕೂಡಿಹಾಕಿ ರಾತ್ರಿ ಬಿಡುವ ಪದ್ಧತಿ ನಮ್ಮಲ್ಲಿ ಹೆಚ್ಚು. ಈ ತಳಿಗೆ ಅದು ದೊಡ್ಡ ಅನ್ಯಾಯ. ರಾಟ್‌ವೀಲರ್ ಮನೆಯವರ ಜೊತೆ ಇದ್ದು, ಯಾರು ನೆಂಟರು ಯಾರು ಕಳ್ಳರು ಎಂದು ನೋಡಿ ಕಲಿಯುವ ನಾಯಿ. ಕೂಡಿಟ್ಟರೆ ಸರಳು ಕಚ್ಚಿ ಕಚ್ಚಿ ಕೋರೆಹಲ್ಲಿನ ಹಿಂಭಾಗ ಸವೆಯುತ್ತದೆ. ನಾಯಿ ಕೊಳ್ಳುವಾಗ ಬಾಯಿ ತೆರೆದು ನೋಡಿದರೆ ಅದರ ಹಿಂದಿನ ಬದುಕು ಗೊತ್ತಾಗುತ್ತದೆ. ಗೂಡಿನ ಬಳಕೆ, ಮನೆಗೆ ಕೆಲಸದವರು ಬಂದಾಗಿನ ನಾಲ್ಕೈದು ಗಂಟೆಗೆ ಸಾಕು. ಅದನ್ನು ಮನೆಯ ಹಿಂಬದಿಗೆ ತಳ್ಳದೆ, ಗೇಟೂ ಜಗಲಿಯೂ ಕಾಣುವ ಕಡೆ ಇಡಿ. ಮುಳಿಯಾರು, ಕಾರಡ್ಕ, ದೇಲಂಪಾಡಿಯಂಥ ಚಿರತೆ ಸುಳಿಯುವ ಕಡೆ ಮಾತ್ರ ರಾತ್ರಿ ಅಂಗಳದಲ್ಲಿ ಬಿಡಬೇಡಿ, ಕಟ್ಟಿಯಂತೂ ಹಾಕಲೇಬೇಡಿ. ಮನೆಯೊಳಗೆ ಅಥವಾ ಗೋಡೆಗೆ ತಾಗಿದ ಗೂಡಿನಲ್ಲಿ ಮಲಗಲಿ.